ಮನೆಯಲ್ಲಿ ಆರು ಮಂದಿ

ಎಂಬತ್ತರ ದಶಕದ ನಡುವಿನ ವರ್ಷಗಳು. ನಾನು ಅಕ್ಕಿಆಲೂರಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ತವರು ಸವಣೂರು. ಅವ್ವ ತೀರಿಕೊಂಡ ಮೇಲೆ ಅಲ್ಲಿಗೆ ಹೋಗುವುದೂ ನಿಂತುಹೋಗಿತ್ತು. ಮದುವೆಯಾಗಿರಲಿಲ್ಲ. ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ. ಸಂಜೆ ಬಂದು ಕೀಲಿ ತೆಗೆದರೆ, ಮರುದಿನ ಶಾಲೆಯಲ್ಲಿ ಹಾಜರಿ ಕೂಗುವವರೆಗೂ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಒಂದು ಟಿವಿ ತರೋಣ ಅನಿಸಿತು.

ಶಾಲೆಗೆ ಸೂಟಿಯಿದ್ದ ದಿನ ಹಾನಗಲ್ಲಿಗೆ ಹೋದೆ. ಅಂಗಡಿಯಲ್ಲಿ ಎರಡೇ ನಮೂನೆ ಇದ್ದವು. ಒಂದು ಸಣ್ಣದು. ಇನ್ನೊಂದು ಕಟ್ಟಿಗೆಯ ಪೆಟ್ಟಿಗೆಯೊಳಗಿನ ದೊಡ್ಡದು, ಎಳೆದು ಮುಚ್ಚುವ ಬಾಗಿಲಿದ್ದದ್ದು. ನಾನು ಸಣ್ಣದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದವಳು.

"ಮನ್ಯಾಗ ಎಷ್ಟು ಮಂದಿ ಅದೀರಿ, ಅಕ್ಕಾರ?" ಅಂಗಡಿಯವರು ಕೇಳಿದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರ ಅಂತಲೇ ಅನ್ನುವುದು.

ಒಬ್ಬಳೇ ಅನ್ನಲು ನಾಲಿಗೆ ಏಳಲಿಲ್ಲ. "ಆರು ಮಂದಿರಿ," ಅಂದೆ.

"ಹಂಗಾರ ದೊಡ್ಡದ ತಗೋರಿ. ಸಣ್ಣದ್ರಾಗ ಹಿಂದ ಕುಂತವ್ರಿಗೆ ಏನೂ ಕಾಣೂದಿಲ್ಲ. ಹುಡುಗೂರು ಎಷ್ಟ್ರಿ?"

"ಮೂರು."

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅತ್ತೆಯವರಿಗೆ ಕಣ್ಣು ಮಂಜು ಅಂತಲೂ ಸೇರಿಸಿದೆ. ಹೇಳುತ್ತ ಹೇಳುತ್ತ ಒಂಥರಾ ಹಿತವಾಗುತ್ತಿತ್ತು. ದೊಡ್ಡದನ್ನೇ ಗೊತ್ತು ಮಾಡಿ ಬಂದೆ.

ಎರಡು ದಿನ ಬಿಟ್ಟು, ಸಂಜೆ ಪ್ರಸಾರ ಶುರುವಾಗುವ ಹೊತ್ತಿಗೆ, ಅಂಗಡಿಯ ಮೆಕ್ಯಾನಿಕ್ ಅದನ್ನು ಟೆಂಪೋದಲ್ಲಿ ತಂದರು. ನಡುವಯಸ್ಸಿನವರು, ಮಾತು ಕಡಿಮೆ. ಆರು ಮಂದಿಯ ಮನೆ ಅಂತ ಅಂಗಡಿಯವರು ಹೇಳಿ ಕಳಿಸಿದ್ದರೇನೋ. ಆಂಟೆನಾ ಕಟ್ಟಲು ಮಾಳಿಗೆ ಏರಿದರು.

"ಅಕ್ಕಾರ, ಒಬ್ಬರನ್ನ ಟಿವಿ ಮುಂದ ನಿಲ್ಲಸ್ರಿ. ಇನ್ನೊಬ್ಬರು ಅಂಗಳದಾಗ ನಿಂತು ನನಗ ಕೂಗಿ ಹೇಳ್ಲಿ."

"ನಾನ ನೋಡ್ತೇನ್ರಿ," ಅಂದೆ.

ಒಳಗೆ ಓಡಿ ನೋಡಿದೆ. ಬರೀ ಚುಕ್ಕಿ. ಹೊರಗೆ ಓಡಿ ಬಂದು, "ಇನ್ನೂ ಬಂದಿಲ್ರಿ," ಅಂದೆ. ಅವರು ತುಸು ತಿರುಗಿಸಿದರು, ನಾನು ಮತ್ತೆ ಒಳಗೆ ಓಡಿದೆ. ಹೀಗೆ ಏಳೆಂಟು ಸಲ ಆಗಿರಬೇಕು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅವರು ಆಂಟೆನಾ ಬಿಟ್ಟು ಅಂಗಳ ನೋಡುತ್ತಿದ್ದರು. ಹಗ್ಗದ ಮೇಲೆ ಒಂದೇ ಸೀರೆ, ಬಾಗಿಲಲ್ಲಿ ನನ್ನ ಚಪ್ಪಲಿ ಅಷ್ಟೇ.

"ಎಲ್ಲಾರೂ ಊರಿಗೆ ಹೋಗ್ಯಾರೇನ್ರಿ?" ಮೆಲ್ಲಗೆ ಕೇಳಿದರು.

"ಹೂನ್ರಿ."

"ಅವಸರ ಇಲ್ರಿ. ಸಾವಕಾಶ ಹೋಗಿ ನೋಡಿ ಬರ್ರಿ. ನಾ ಕಾಯ್ತೇನಿ."

ಚಿತ್ರ ಬಂತು. ಚಹಾ ಮಾಡಿ ಕೊಟ್ಟೆ. ಇದ್ದ ಒಂದು ಕುರ್ಚಿಯಲ್ಲಿ ಅವರು ಕುಳಿತರು, ನಾನು ಹೊಸ್ತಿಲ ಬಳಿ ನಿಂತೆ. ಚಹಾ ಮುಗಿಸಿ, ನನ್ನ ಮುಖ ನೋಡದೆ ಅಂದರು, "ಇದು ಬ್ಯಾಡ ಅನ್ನಿಸಿದ್ರ ಸಣ್ಣದು ತಂದು ಕೊಡ್ತೇನ್ರಿ. ಮಾಲಕರಿಗೆ ನಾ ಏನರ ಹೇಳ್ತೇನಿ."

ಅವರ ಖಾಲಿ ಕಪ್ಪು ಎತ್ತಿಕೊಂಡೆ. "ಇರಲಿರಿ," ಅಂದೆ.

ಅವರು ಹೋದ ಮೇಲೆ ತಾಟಿಗೆ ಬಡಿಸಿಕೊಂಡು ಬಂದು ಟಿವಿಯ ಎದುರು ಕುಳಿತೆ. ವಾರ್ತೆ ಓದುವಾಕೆಯ ಮುಖ ಹೆಚ್ಚುಕಡಿಮೆ ನಿಜವಾದ ಮುಖದಷ್ಟೇ ದೊಡ್ಡದಿತ್ತು. ಆಕೆ ನನ್ನ ಕಡೆಗೇ ನೋಡುತ್ತ ಓದುತ್ತಿದ್ದಳು, ನಾನು ಉಣ್ಣುತ್ತಿದ್ದೆ. ತಾಟು ತೊಳೆಯಲು ಹಿತ್ತಲಿಗೆ ಹೋದಾಗಲೂ ದನಿ ಕಡಿಮೆ ಮಾಡಲಿಲ್ಲ. ಮನೆಯೊಳಗಿಂದ ಮಾತು ಕೇಳಿಸುತ್ತಿತ್ತು. ತೊಳೆದ ತಾಟನ್ನೇ ಮತ್ತೊಮ್ಮೆ ತೊಳೆಯುತ್ತ ಸ್ವಲ್ಪ ಹೊತ್ತು ಅಲ್ಲೇ ಕುಳಿತೆ.