ಗಂಟೆಗೆ ನೆಗಡಿಯಾದ ದಿನ

ಮೊನ್ನೆ ಸಂಜೆ ನನ್ನ ಮೊಮ್ಮಗಳು ಮೊಲ ನೋಡಿದಳು. ಪಂಜರದ ಬಿಳಿ ಮೊಲವಲ್ಲ, ಪುಸ್ತಕದಲ್ಲಿ ಕ್ಯಾರೆಟ್ ಹಿಡಿದು ಕೂತ ಮೊಲವೂ ಅಲ್ಲ. ಮಣ್ಣಿನ ಬಣ್ಣದ, ಉದ್ದ ಕಿವಿಯ, ನಿಜವಾದ ಕಾಡುಮೊಲ. ತಲಘಟ್ಟಪುರದ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಸೈಟಿನಲ್ಲಿ, ಯಾರೋ ಸುರಿದುಹೋದ ಜಲ್ಲಿ ರಾಶಿಯ ಪಕ್ಕದಲ್ಲಿ ಕೂತಿತ್ತು. ಆರು ವರ್ಷದ ಹುಡುಗಿ ನನ್ನ ಸೆರಗು ಹಿಡಿದು ಉಸಿರು ಬಿಗಿಹಿಡಿದು ನಿಂತಳು. ಎಷ್ಟು ಹೊತ್ತು ಹಿಡಿದಾಳು? ಅವಳು ಉಸಿರು ಬಿಟ್ಟಳು, ಅದು ಓಡಿತು.

ನನಗಾದ ಸಂತೋಷ ಎಲ್ಲಿಡಲಿ. ಸೆಕ್ಯೂರಿಟಿಯವನಿಗೆ ಎರಡು ಸಲ ಹೇಳಿದೆ. ಹೂ ಮಾರುವವಳಿಗೆ ಹೇಳಿ ಅವಳಿಂದ ಅರ್ಧ ಮೊಳ ಹೂವು ಹೆಚ್ಚಿಗೆ ಗಿಟ್ಟಿಸಿದೆ. ರಾತ್ರಿ ನಿದ್ದೆ ಬಾರದೆ, ಗೊರಕೆ ಹೊಡೆಯುತ್ತಿದ್ದ ನಮ್ಮ ಯಜಮಾನರನ್ನು ಎಬ್ಬಿಸಿ ಮೂರನೇ ಸಲ ಹೇಳಿದೆ. ಅವರು ಆ ಕಡೆ ಮಗ್ಗುಲಾಗಿ, "ಗಂಟೆ ತಗೊಂಡ್ ಹೋಗಿದ್ರೆ ಓಡ್ತಿರ್ಲಿಲ್ಲ" ಅಂದರು.

ಆ ಗಂಟೆಯ ವಿಷಯ ಇಷ್ಟು ವರ್ಷ ಮಕ್ಕಳಿಗೂ ಹೇಳಿರಲಿಲ್ಲ. ಇನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮದುವೆಯಾಗಿ ಬಂದದ್ದು ಕೋಣನಕುಂಟೆಗೆ. ಆಗ ಅಲ್ಲಿ ರಾತ್ರಿ ಎಂಟಕ್ಕೆ ಊರು ಮುಗಿದು ಹೊಲ ಶುರುವಾಗುತ್ತಿತ್ತು. ನಮ್ಮದು ಶಿವಭಕ್ತರ ಮನೆ, ಮೊಟ್ಟೆ ಅನ್ನುವ ಮಾತನ್ನು ಕೂಡ ಹೊಸಲಿನ ಆಚೆಯೇ ಆಡಬೇಕು. ದೇವರ ಮನೆಯಲ್ಲಿ ಒಂದು ಕೈಗಂಟೆ, ಹಿಡಿಯ ಮೇಲೆ ಪುಟ್ಟ ಬಸವಣ್ಣ. ಅದು ನಮ್ಮತ್ತೆ ತಮ್ಮ ತವರಿನಿಂದ ತಂದದ್ದು. ನಾನು ಬಂದ ವಾರಕ್ಕೇ ಹಿತ್ತಾಳೆ ಸಾಮಾನು ತಿಕ್ಕುವ ಕೆಲಸ ನನಗೆ ಒಪ್ಪಿಸಿ, ಮಿಕ್ಕಿದ್ದು ಹೇಗಾದರೂ ಇರಲಿ, ಈ ಗಂಟೆಯನ್ನು ಕಣ್ಣಿನ ಹಾಗೆ ನೋಡಿಕೊ ಎಂದಿದ್ದರು. ದಿನವೂ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬಸವಣ್ಣನ ಮೂಗು ಸವೆಸಿದ್ದೆ.

ನಮ್ಮ ಯಜಮಾನರು ವಾರಕ್ಕೆರಡು ರಾತ್ರಿ ಭಜನೆಗೆ ಹೋಗುತ್ತಿದ್ದರು. ಜೊತೆಗೆ ಆ ಗಂಟೆಯನ್ನೂ ಒಯ್ಯುತ್ತಿದ್ದರು. ಅವರ ಕಂಠಕ್ಕೂ ಹಾಡಿಗೂ ಏಳೇಳು ಜನ್ಮದ ವೈರ. ಹಾಡಲು ಬಾರದವರು ಭಜನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳುವಷ್ಟು ಸಲಿಗೆ ನನಗಿನ್ನೂ ಬಂದಿರಲಿಲ್ಲ. ಮದುವೆಯಾಗಿ ಮೂರು ತಿಂಗಳು, ಆ ತುಂಬಿದ ಮನೆಯಲ್ಲಿ ನಾವಿಬ್ಬರು ಆಡಿದ ಮಾತು ಒಂದು ಮುಷ್ಟಿಯಷ್ಟಿತ್ತೇನೋ. ಬೆಳಗಿನ ಜಾವ ಅವರು ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಬರುತ್ತಿದ್ದರು. ಭಜನೆಯವರು ಕೊಟ್ಟ ಪ್ರಸಾದ ಎಂದು ನಮ್ಮತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಹುಳಿ ಮಾಡುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ತಿಕ್ಕಲು ಗಂಟೆಯನ್ನು ಎತ್ತಿದರೆ ಸದ್ದೇ ಇಲ್ಲ. ತಿರುಗಿಸಿ ನೋಡಿದೆ. ಒಳಗೆ ನಾಲಿಗೆ ಇಲ್ಲ, ಸವೆದು ತುಂಡಾದ ಕೊಂಡಿ ಮಾತ್ರ ಇದೆ. ನನ್ನ ನಾಲಿಗೆಯೂ ಒಣಗಿತು.

ಯಜಮಾನರನ್ನು ಕೊಟ್ಟಿಗೆಗೆ ಕರೆದು ತೋರಿಸಿದೆ. ಎಮ್ಮೆಯ ಹಿಂದೆ ನಿಂತು ಎಲ್ಲ ಒಪ್ಪಿಕೊಂಡರು. ಭಜನೆ ಎಂಬುದು ಇರಲೇ ಇಲ್ಲ. ಊರಿನ ಇಬ್ಬರು ಗೆಳೆಯರ ಜೊತೆ ಅವರು ಹೋಗುತ್ತಿದ್ದದ್ದು ಮೊಲದ ಬೇಟೆಗೆ. ಒಬ್ಬನ ತಲೆಯ ಮೇಲೆ ದೀಪ, ಇನ್ನೊಬ್ಬನ ಕೈಯಲ್ಲಿ ಬಲೆ, ಇವರ ಕೈಯಲ್ಲಿ ಗಂಟೆ. ಕಣ್ಣಿಗೆ ಬೆಳಕು, ಕಿವಿಗೆ ಒಂದೇ ಸಮನೆ ಗಂಟೆ. ಮೊಲ ಏನು ಮಾಡಬೇಕೆಂದು ತಿಳಿಯದೆ ಕೂತುಬಿಡುತ್ತದೆ. ಗಂಟೆ ತಪ್ಪಿದರೆ ಎದ್ದು ಓಡುತ್ತದೆ. ಇವರಷ್ಟು ಸಮನಾಗಿ ಗಂಟೆ ಆಡಿಸುವವರು ಸುಬ್ರಹ್ಮಣ್ಯಪುರದವರೆಗೂ ಇರಲಿಲ್ಲವಂತೆ. ಚಿಕ್ಕಂದಿನಿಂದ ಮನೆಯಲ್ಲಿ ಪೂಜೆಗೆ ಬಾರಿಸಿದ ಕೈ. ತಿನ್ನುವವರಲ್ಲವಾದ್ದರಿಂದ ಇವರ ಪಾಲಿಗೆ ಮಾಂಸದ ಬದಲು ಅವರೆಕಾಯಿ. ಈಗ ಅದೆಲ್ಲ ಅಪರಾಧ, ಹಿಡಿದರೆ ಜೈಲು. ಆಗ ನಮಗೆ ಕಾನೂನು ಗೊತ್ತಿರಲಿಲ್ಲ, ಪಾಪ ಮಾತ್ರ ಗೊತ್ತಿತ್ತು.

"ನಾನು ಬಲೆ ಮುಟ್ಟಿಲ್ಲ, ಕತ್ತಿ ಮುಟ್ಟಿಲ್ಲ ಕಣೇ" ಅಂದರು. "ಗಂಟೆ ಬಾರಿಸ್ದೆ ಅಷ್ಟೆ. ಪೂಜೇಲೂ ಬಾರಿಸ್ತೀನಿ."

"ಅದನ್ನ ನಿಮ್ಮಮ್ಮನ ಮುಂದೆ ಹೇಳಿ" ಅಂದೆ. ಅದೇ ನಾನು ಅವರಿಗೆ ಕೊಟ್ಟ ಮೊದಲ ಎದುರುತ್ತರ.

ಹೇಳಿದ್ದರೆ ಅವರನ್ನು ಮನೆಯಿಂದ ಆಚೆಗೆ ಹಾಕುತ್ತಿದ್ದರು. ಹೇಳದಿದ್ದರೆ, ಕಣ್ಣಿನಂತೆ ಕಾಯಬೇಕಾದ ಗಂಟೆಯನ್ನು ಹೊಸ ಸೊಸೆ ಮೂರು ತಿಂಗಳಲ್ಲಿ ಮುರಿದಳು ಎಂದು ನನ್ನ ತವರಿಗೆ ಹೇಳಿ ಕಳಿಸುತ್ತಿದ್ದರು. ಮಾರನೇ ದಿನ ಸೋಮವಾರ, ಮನೆಗೆ ಅಯ್ಯನವರು ಪೂಜೆಗೆ ಬರುವವರಿದ್ದರು. ಅವರೇ ಕೈಯಾರೆ ಗಂಟೆ ಎತ್ತುವವರು. ಅಷ್ಟರೊಳಗೆ ನಾಲಿಗೆ ಸಿಗಬೇಕಿತ್ತು.

ಅದಕ್ಕೂ ಮೊದಲು ಆ ಬೆಳಗಿನ ಪೂಜೆ ಕಳೆಯಬೇಕಲ್ಲ. ಬೆಳಗಿನ ಪೂಜೆ ನಮ್ಮ ಮಾವನವರದು, ಅವರಿಗೆ ಕಿವಿ ಮಂದ, ಗಂಟೆ ಕೈಯಲ್ಲಿ ಅಲ್ಲಾಡಿದರೆ ಸಾಕು, ಬಾರಿಸಿದಂತೆಯೇ. ಆದರೆ ಅಡುಗೆಮನೆಯಲ್ಲಿದ್ದ ನಮ್ಮತ್ತೆಗೆ ಇರುವೆ ನಡೆದದ್ದೂ ಕೇಳಿಸುತ್ತದೆ. ನಾನು ದೇವರ ಮನೆಯ ಬಾಗಿಲ ಸಂದಿಯಲ್ಲಿ ನಿಂತು, ಮಾವನವರ ಕೈ ಆಡಿದಂತೆಲ್ಲ ಹಿತ್ತಾಳೆ ಚೊಂಬಿಗೆ ಸೌಟಿನಿಂದ ಹೊಡೆದೆ. ಅವರು ಮಂಗಳಾರತಿಯಲ್ಲಿ ಜೋರು ಮಾಡಿದಾಗ ನಾನೂ ಜೋರು ಮಾಡಿದೆ. ಕೊನೆಗೆ ಅವರು ನಿಲ್ಲಿಸಿದ ಮೇಲೂ ನನ್ನದು ಎರಡು ಏಟು ಜಾಸ್ತಿ ಬಿತ್ತು.

ಒಳಗಿನಿಂದ ಅತ್ತೆ ಕೇಳಿದರು: "ಇದೇನಮ್ಮ, ಗಂಟೆಗೆ ನೆಗಡಿ ಆಗಿದ್ಯಾ?"

ಚಳಿ ಅಲ್ವಾ ಅತ್ತೆ, ಎಂದುಬಿಟ್ಟೆ. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಒಬ್ಬರೇ ಕೂತು ಅವರೆಕಾಯಿ ಬಿಡಿಸಿದರು. ನಾನು ಆ ಕಡೆ ಸುಳಿಯಲೇ ಇಲ್ಲ, ಮುಖ ನೋಡಿದರೆ ಎಲ್ಲಿ ಬಾಯಿಬಿಡುತ್ತೇನೋ ಎಂಬ ಭಯ. ಕೊನೆಯ ಮೊಲ ಹಿಡಿಯುವವರೆಗೂ ಗಂಟೆ ಬಾರಿಸಿದ್ದು ಯಜಮಾನರಿಗೆ ಚೆನ್ನಾಗಿ ನೆನಪಿತ್ತು. ಹಾಗಾದರೆ ನಾಲಿಗೆ ಬಿದ್ದಿರುವುದು ಅಲ್ಲಿಂದ ಮನೆಗೆ ಬರುವ ದಾರಿಯಲ್ಲೇ ಎಂದು ತೀರ್ಮಾನಿಸಿದೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿತ್ತಿಲ ಬಾಗಿಲಿನಿಂದ ಹೊರಬಿದ್ದೆವು.

ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಲಾಟೀನು ಇಟ್ಟುಕೊಂಡೆ. ನೀರು ಹೊತ್ತ ಅಭ್ಯಾಸ, ಕೈ ಬಿಟ್ಟರೂ ಬೀಳುವುದಿಲ್ಲ. ಯಜಮಾನರು ಮುಂದೆ ಮುಂದೆ ನಾಲ್ಕು ಕಾಲಿನಲ್ಲಿ ಅಂಬೆಗಾಲಿಡುತ್ತ ನೆಲ ತಡವುತ್ತಿದ್ದರು. ರಾಗಿ ಕೊಯ್ದ ಹೊಲ, ಕೂಳೆ ಚುಚ್ಚಿ ಚುಚ್ಚಿ ಅವರ ಅಂಗೈ ಹಣ್ಣಾಯಿತು. ಎರಡು ಸಲ ಸಿಕ್ಕಿತು ಎಂದು ಕೂಗಿದರು. ಮೊದಲನೆಯದು ಆಡಿನ ಹಿಕ್ಕೆ. ಎರಡನೆಯದೂ ಅದೇ. ಹುಣಸೆಮರದ ಮೇಲಿಂದ ಎರಡು ದುಂಡು ಕಣ್ಣು ನಮ್ಮನ್ನೇ ನೋಡುತ್ತಿದ್ದವು. ದೆವ್ವ ಎಂದು ನಾನು ಅವರ ಜುಟ್ಟು ಹಿಡಿದುಕೊಂಡೆ. ಕಾಡುಪಾಪ ಕಣೇ, ನಮಗಿಂತ ಅದೇ ಹೆದರಿದೆ, ಜುಟ್ಟು ಬಿಡು ಎಂದರು. ದೂರದಲ್ಲಿ ನರಿ ಕೂಗಿತು. ಹುರುಳಿ ಹೊಲದ ಬದುವಿಗೆ ಬಂದಾಗ ಅವರು ಇದ್ದಕ್ಕಿದ್ದಂತೆ ಅಲ್ಲಾಡದೆ ನಿಂತರು, ನಾಲ್ಕು ಕಾಲಿನ ಮೇಲೆಯೇ.

ಅವರ ಮುಂದೆ ಎರಡು ಮಾರು ದೂರದಲ್ಲಿ ಮೊಲ ಕೂತಿತ್ತು.

ನಾನೂ ನಿಲ್ಲಲು ಹೋದೆ. "ನಿಲ್ಬೇಡ" ಅಂದರು ಪಿಸುದನಿಯಲ್ಲಿ. "ಕಾಲಾಡಿಸ್ತಾ ಇರು. ಗೆಜ್ಜೆ."

ಆಗ ನನಗೆ ಹೊಳೆಯಿತು. ತವರಿನವರು ಹಾಕಿದ ಕಾಲ್ಗೆಜ್ಜೆ ದಾರಿಯುದ್ದಕ್ಕೂ ಒಂದೇ ಸಮನೆ ಝಲ್ ಝಲ್ ಎನ್ನುತ್ತಿತ್ತು. ತಲೆಯ ಮೇಲೆ ದೀಪ, ಕಾಲಲ್ಲಿ ಗಂಟೆ. ಶಿವಭಕ್ತರ ಮನೆಯ ಸೊಸೆ ತನಗೇ ಗೊತ್ತಿಲ್ಲದೆ ಬೇಟೆಗೆ ಬಂದಿದ್ದಳು, ಬಲೆಯೊಂದಿಲ್ಲ. ನಿಂತಲ್ಲೇ ಕಾಲಾಡಿಸಿದೆ. ಮೊಲದ ಕಣ್ಣು ಕೆಂಡದ ಹಾಗಿತ್ತು, ಮೂಗು ಮಾತ್ರ ಮಿಡಿಯುತ್ತಿತ್ತು. ಒಂದು ಕಿವಿಯ ಅಂಚು ಹರಿದಿತ್ತು. ಬಹಳ ಹೊತ್ತು ಹಾಗೇ ಇದ್ದೆವು.

"ಇಷ್ಟೊತ್ತು ನೋಡೇ ಇಲ್ಲ ಕಣೇ ನಾನು" ಅಂದರು ಅವರು. "ಇಷ್ಟೊತ್ತಿಗೆ ಬಲೆ ಬಿದ್ದಿರೋದು."

ಆ ಮಾತು ಕೇಳಿ ನನಗೆ ಏನೋ ಆಯಿತು. ಅಳು ಬರಬೇಕಿತ್ತು, ನಗು ಬಂತು. ಎದುರು ಬದುರು ನಾಲ್ಕು ಕಾಲಿನಲ್ಲಿ ಇಬ್ಬರು, ಒಬ್ಬರಿಗೆ ಮಾತ್ರ ಉದ್ದ ಕಿವಿ. ತಡೆದೆ, ಲಾಟೀನು ಅಲ್ಲಾಡಿತು, ಗೆಜ್ಜೆ ತಾಳ ತಪ್ಪಿತು. ಮೊಲ ಅವರ ಮೂಗಿನ ಮುಂದೆಯೇ ಹಾರಿ ಹುರುಳಿಯೊಳಗೆ ಮಾಯವಾಯಿತು. ಇಬ್ಬರೂ ಬದುವಿನ ಮೇಲೆ ಕೂತು ನಕ್ಕೆವು. ಆಮೇಲೆ ಮಾತಾಡಿದೆವು. ಮೂರು ತಿಂಗಳ ಮಾತನ್ನೆಲ್ಲ ಅಲ್ಲೇ ಆಡಿ ಮುಗಿಸಿದೆವು. ನಾಲಿಗೆ ಹುಡುಕಲು ಬಂದದ್ದು ನೆನಪಾದಾಗ ಲಾಟೀನಿನಲ್ಲಿ ಎಣ್ಣೆ ಮುಗಿದಿತ್ತು.

ಬರಿಗೈಯಲ್ಲಿ ಮನೆಗೆ ಬಂದರೆ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಅತ್ತೆ ಕಂಬಳಿ ಹೊದ್ದು ಕೂತಿದ್ದರು.

"ಭಜನೆ ಚೆನ್ನಾಗಾಯ್ತಾ?" ಅಂದರು.

ಅವರು ನನ್ನ ಕಾಲು ನೋಡಿದರು. "ಗೆಜ್ಜೆ ಕಟ್ಕೊಂಡು ಕಳ್ಳತನಕ್ಕೆ ಹೋಗೋರನ್ನ ಇವತ್ತೇ ನೋಡಿದ್ದು ನಾನು."

ಆಮೇಲೆ ಕಂಬಳಿಯೊಳಗಿನಿಂದ ಕೈ ಚಾಚಿ ಬಿಚ್ಚಿದರು. ಅಂಗೈಯಲ್ಲಿ ಗಂಟೆಯ ನಾಲಿಗೆ. ಬೇಟೆಯಿಂದ ಬರುವಾಗ ಯಜಮಾನರು ಗಂಟೆಯನ್ನು ಅವರೆಕಾಯಿ ಚೀಲದೊಳಗೇ ತುರುಕಿಕೊಂಡು ಬಂದಿದ್ದರು; ಅಲ್ಲಿ ಉದುರಿದ್ದನ್ನು ಅತ್ತೆ ಮಧ್ಯಾಹ್ನ ಕಾಯಿ ಬಿಡಿಸುವಾಗ ಕಂಡಿದ್ದರು. ಅದರ ಜೊತೆ ಚೀಲದ ತಳದಲ್ಲಿ ಒಂದು ಚಿಟಿಕೆ ಮೊಲದ ಕೂದಲೂ ಸಿಕ್ಕಿತ್ತಂತೆ. ಬೆಳಿಗ್ಗೆ ಸೌಟಿನ ಏಟು ಎಣಿಸಿದ್ದೂ ಅವರೇ.

ಬೈಯುತ್ತಾರೆ ಎಂದುಕೊಂಡೆ. ಮಗನಿಗೆ, ನಾಳೆಯಿಂದ ಒಂದು ವರ್ಷ ಅವರೆಕಾಯಿ ಮುಟ್ಟಬಾರದು ಎಂದರು, ಅಷ್ಟೆ. ಆ ಕಾಲದ ಬೆಂಗಳೂರಿನ ಗಂಡಸಿಗೆ ಅದು ಜೈಲಿಗಿಂತ ದೊಡ್ಡ ಶಿಕ್ಷೆ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಾವೇ ತಂತಿ ಬಗ್ಗಿಸಿ ನಾಲಿಗೆ ಕಟ್ಟಿದರು. ಕಟ್ಟುತ್ತಾ ಮೆಲ್ಲಗೆ ಕೇಳಿದರು: "ಮೊಲ ಕಾಣಿಸ್ತಾ?"

ಕಾಣಿಸಿತು ಅಂದೆ. ಕಿವಿ ಹರಿದದ್ದನ್ನೂ ಹೇಳಿದೆ. ಅವರು ಎಂದೂ ನೋಡಿರಲಿಲ್ಲವಂತೆ. ಎಷ್ಟು ದೊಡ್ಡದು, ಏನು ಮಾಡುತ್ತಿತ್ತು ಎಂದು ಬೆಳಗಾಗುವವರೆಗೂ ಕೇಳಿದರು.

ಸೋಮವಾರ ಅಯ್ಯನವರು ಗಂಟೆ ಬಾರಿಸಿ, ನಾದ ಎಷ್ಟು ಚೆನ್ನಾಗಿದೆ ಎಂದು ಹೊಗಳಿದರು. ಗುರುವಾರ ದೀಪದ ಗೆಳೆಯ ಬಾಗಿಲಿಗೆ ಬಂದು ಭಜನೆಗೆ ಕರೆದ. ಒಳಗಿನಿಂದ ಅತ್ತೆಯೇ ಉತ್ತರ ಕೊಟ್ಟರು: "ಗಂಟೆಗೆ ನೆಗಡಿ ಕಣಪ್ಪಾ, ಆಚೆ ಬಿಡಲ್ಲ." ಯಜಮಾನರು ನನ್ನ ಕಡೆ ನೋಡಿದರು, ಎದ್ದು ಹೋಗಲಿಲ್ಲ. ಮತ್ತೆಂದೂ ಹೋಗಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ನಿನ್ನೆ ಸಂಜೆ ಅವಳ ಕಾಲಿಗೆ ಗೆಜ್ಜೆ ಹಾಕಿ ಕರೆದುಕೊಂಡು ಹೋದೆ. ತಾತ ಮೊಬೈಲ್ ಟಾರ್ಚ್ ಹಿಡಿದರು. ಅವಳು ನಿಂತಲ್ಲೇ ತಪ್ಪದೆ ಕಾಲಾಡಿಸಿದಳು, ತಾತನ ತಾಳವೇ ಬಂದಿದೆ. ಜಲ್ಲಿ ರಾಶಿಯ ಪಕ್ಕ ಅದು ಬಂದು ಕೂತಿತು. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ, ಇನ್ನೂ ಕೂತೇ ಇತ್ತು. ಆಮೇಲೆ ನಾವೇ ಟಾರ್ಚ್ ಆರಿಸಿ ಅದನ್ನು ಅದರ ಪಾಡಿಗೆ ಬಿಟ್ಟು ಬಂದೆವು.

ಇವತ್ತು ಬೆಳಿಗ್ಗೆ ತುಂಬಿದ ಲಿಫ್ಟಿನಲ್ಲಿ ಅವಳು ತಲೆಯೆತ್ತಿ ಕೇಳಿದಳು: "ಅಜ್ಜೀ, ಇವತ್ತೂ ಭಜನೆ ಇದ್ಯಾ?"

ಮೂರನೇ ಮಹಡಿಯ ಹೆಂಗಸು ತಕ್ಷಣ ತಿರುಗಿದಳು. "ಎಲ್ಲಿ ಆಂಟಿ ಭಜನೆ? ನಾನೂ ಬರ್ಲಾ?"

"ಬಾಮ್ಮ" ಅಂದೆ. "ಗೆಜ್ಜೆ ಇದ್ರೆ ಹಾಕ್ಕೊಂಡ್ ಬಾ."