ಬೆಳಕಿರುವಾಗಲೇ ಮನೆ ಸೇರುತ್ತಿದ್ದ ಶಿವರುದ್ರಪ್ಪ

ಇಂಡಿ ಕಡೆಯ ಶಿವರುದ್ರಪ್ಪ ಪುಣೆಯ ಶನಿವಾರ ಪೇಠೆಯ ಕಾಗದದ ಸಗಟು ಅಂಗಡಿಯಲ್ಲಿ ಹದಿನೆಂಟು ವರ್ಷಗಳಿಂದ ಗುಮಾಸ್ತ. ಸಂಜೆ ಆರು ಹೊಡೆದರೆ, ಚಳಿಗಾಲದಲ್ಲಿ ಐದಕ್ಕೇ, ಸೈಕಲ್ ಹತ್ತಿ, ಮುಠಾ ನದಿಯ ದಂಡೆಯ ರಸ್ತೆ ಹಿಡಿದು ಹಿಂಗಣೆಯ ಮನೆಗೆ ಹೊರಟುಬಿಡುತ್ತಿದ್ದ. ಚಹಾಕ್ಕೂ ನಿಲ್ಲುತ್ತಿರಲಿಲ್ಲ. ಹೆಂಡತಿಗೆ ಹೆದರುತ್ತಾನೆ ಎಂದು ಅಂಗಡಿಯವರು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದ.

ಅವನಿಗಿದ್ದದ್ದು ಇರುಳುಗುರುಡು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ಎದುರಿನದೂ ಹೋಗಬಹುದು, ಔಷಧವಿಲ್ಲ ಎಂದು ಮೂರು ವರ್ಷದ ಹಿಂದೆ ಡಾಕ್ಟರರು ಹೇಳಿದ್ದರು. ವಂಶದಲ್ಲಿ ಬರುವಂಥದ್ದು, ಮಗಳನ್ನೂ ಕರೆತನ್ನಿ ಎಂದಿದ್ದರು. ಅದೇ ವಾರ ಕರೆಂಟು ಹೋದಾಗ ಒಂಬತ್ತು ವರ್ಷದ ಮಗಳು ಮಾಧುರಿ ಕದಕ್ಕೆ ಹಣೆ ಬಡಿದುಕೊಂಡು ಅತ್ತಳು. ಎಲ್ಲ ಮಕ್ಕಳೂ ಬಡಿದುಕೊಳ್ಳುತ್ತವೆ ಎಂದು ತನಗೆ ತಾನೇ ಹೇಳಿಕೊಂಡು, ಅವನು ಡಾಕ್ಟರರ ಚೀಟಿಯನ್ನು ಹರಿದುಹಾಕಿದ. ಹೆಂಡತಿ ರೇಣುಗೆ ಏನೂ ಹೇಳಲಿಲ್ಲ.

ಈ ಜೂನ್‌ನಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ನೋಟ್‌ಬುಕ್ಕಿನ ಲಾರಿ ಸಂಜೆ ಐದೂವರೆಗೆ ಬಂತು. ಇಳಿಸಿ ಮುಗಿಸುವಷ್ಟರಲ್ಲಿ ಏಳಾಗಿತ್ತು. ರಿಕ್ಷಾ ಹಿಡಿಯಬಹುದಿತ್ತು. ಆದರೆ ಸೈಕಲ್ ಯಾಕೆ ಬಿಟ್ಟೆ ಎಂದು ಕೇಳಿದರೆ ಏನು ಹೇಳುವುದು? ಇನ್ನೂ ಬೆಳಕಿದೆ ಅಂದುಕೊಂಡು ಹತ್ತಿದ.

ಮಳೆಗಾಲದ ಪಡುವಣ ಗಾಳಿ ಎದುರಿಗೇ ಬೀಸುತ್ತಿತ್ತು. ಎಷ್ಟು ತುಳಿದರೂ ಸೈಕಲ್ ನಿಂತಲ್ಲೇ ನಿಂತಂತೆ. ಹೊಳೆಯ ಕೊಳಕು ವಾಸನೆ, ಧೂಳು, ಮೋಡ. ಮ್ಹಾತ್ರೆ ಸೇತುವೆ ದಾಟುವಾಗ ರಸ್ತೆಯ ಅಂಚು ಕರಗಿತು. ಸ್ವಲ್ಪ ಹೊತ್ತಿಗೆ ರಸ್ತೆಯೇ ಹೋಯಿತು. ಬೀದಿದೀಪಗಳು ಮೇಲೆಲ್ಲೋ ಚುಕ್ಕೆಗಳಾಗಿ ಉಳಿದವು, ಅವುಗಳ ಬೆಳಕು ಕೆಳಗೆ ಬೀಳಲೇ ಇಲ್ಲ. ಇಳಿದು ನಡೆಯಬೇಕಿತ್ತು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು ತುಳಿದ. ಮುಂದಿನ ಗಾಲಿ ಯಾವುದಕ್ಕೋ ಬಡಿಯಿತು. ಸೈಕಲ್ಲಿನಿಂದ ಉರುಳಿಬಿದ್ದ.

"ಕಾಕಾ, ಲಾಗ್ಲಂ ಕಾ?" ಪೆಟ್ಟಾಯಿತೇ ಎಂದು ಯಾರೋ ಹೆಣ್ಣುಮಗಳು ಕೇಳಿದಳು. ಇಲ್ಲ ಎಂದ. ಅವಳ ಹೆಜ್ಜೆ ದೂರವಾದ ಮೇಲೆ ತಾನು ಹೊಳೆಯ ಕಡೆಗಿದ್ದೇನೋ ರಸ್ತೆಯ ಕಡೆಗಿದ್ದೇನೋ ತಿಳಿಯಲಿಲ್ಲ. ಗಾಳಿಯ ಸದ್ದಿನಲ್ಲಿ ನೀರಿನ ಸದ್ದು ಎಲ್ಲ ದಿಕ್ಕಿನಿಂದಲೂ ಬರುತ್ತಿತ್ತು. ಮೊಣಕಾಲೂರಿ ನೆಲ ತಡವಿದ. ಒಂದು ಗಜ ಮುಂದಕ್ಕೆ ಕೈ ಚಾಚಿದರೆ ನೆಲವೇ ಇರಲಿಲ್ಲ. ಹಿಂದೆ ಸರಿದು ಕುಳಿತು ರೇಣುಗೆ ಫೋನ್ ಮಾಡಿದ.

"ಎಲ್ಲಿದ್ದೀರಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ಸುತ್ತ ಏನ್ ಕಾಣ್ತದ ಹೇಳ್ರಿ."

"ಏನೂ ಕಾಣೂದಿಲ್ಲ ರೇಣು. ಕತ್ತಲಾದ ಮ್ಯಾಲ ನನಗ ಏನೂ ಕಾಣೂದಿಲ್ಲ. ಭಾಳ ದಿನಾ ಆತು."

ಅವಳು ರಿಕ್ಷಾ ಮಾಡಿಕೊಂಡು, ದಂಡೆಯುದ್ದಕ್ಕೂ ಹೆಸರು ಕೂಗುತ್ತ ಬಂದಳು. ಅವನು ದನಿ ಕೊಟ್ಟ. ಅವಳು ರಟ್ಟೆ ಹಿಡಿದು ಎಬ್ಬಿಸಿದಳು, ಸೆರಗಿನಿಂದ ಮೊಣಕೈಯ ರಕ್ತ ಒರೆಸಿದಳು. ವಂಶದಲ್ಲಿ ಬರುವ ರೋಗ ಎಂಬುದೂ ಸೇರಿ ಅವನು ಎಲ್ಲವನ್ನೂ ಹೇಳಿದ, ಒಂದನ್ನು ಬಿಟ್ಟು. ಅವಳೇ ಕೇಳಿದಳು.

"ಮಾಧುರಿಗೆ?"

ಅವನು ಬಾಗಿ, ಬಿದ್ದ ಸೈಕಲ್ಲಿಗಾಗಿ ಕೈಯಾಡಿಸತೊಡಗಿದ. ರಟ್ಟೆಯ ಮೇಲಿದ್ದ ಅವಳ ಕೈ ಸಡಿಲವಾಯಿತು.

ಮುಂದಿನ ವಾರ ಆಸ್ಪತ್ರೆಯಲ್ಲಿ ಮಗಳ ಕಣ್ಣಿಗೆ ಹನಿ ಹಾಕಿ, ಎರಡು ತಾಸು ನೋಡಿದರು. ಅವಳಿಗೂ ಶುರುವಾಗಿತ್ತು.

ಹೊರಗಿನ ಬೆಂಚಿನ ಮೇಲೆ ರೇಣು ತಗ್ಗಿದ ದನಿಯಲ್ಲಿ ಹೇಳಿದಳು: "ನಿಮ್ಮ ಕಣ್ಣು ಹ್ವಾದ್ರ ನಾ ಕೈ ಹಿಡದು ನಡಸ್ತಿದ್ದೆ. ಆದ್ರ ಮೂರು ವರ್ಷ ನನ್ನ ಮಗಳು ಸಂಜಿಮುಂದ ಆಡಾಕ ಹೋಗೂದಿಲ್ಲಂದ್ರ ಸೋಮಾರಿ ಅಂತ ಬೈದೆನಲ್ಲರೀ. ಹೊಡದೆ ಸೈತ."

ಅವಳು ಎದ್ದು ಔಷಧದ ಅಂಗಡಿಯ ಕಡೆ ಹೋದಳು. ಅವನಿಗೆ ಅತ್ತುಬಿಡಬೇಕೆನಿಸಿತು, ಆದರೆ ಪಕ್ಕದಲ್ಲಿ ಮಗಳಿದ್ದಳು.

"ಅಪ್ಪಾ," ಮಾಧುರಿ ಬೆಳಕಿಗೆ ಕಣ್ಣು ಕಿರಿದು ಮಾಡಿ ಕೇಳಿದಳು, "ನಿನಗ ಮೊದಲ ಏನು ಕಾಣೂದು ನಿಂತಿತು?"

ಶಿವರುದ್ರಪ್ಪ ಅವಳ ಕಡೆ ತಿರುಗಿ, ಏನನ್ನೂ ಬಿಡದೆ ಹೇಳತೊಡಗಿದ.