ಟ್ಯಾಂಕಿನೊಳಗಿಂದ ಮೂರು ಬಡಿತ

ಖಾಸಿಂ ಸಾಬರನ್ನು ದೆವ್ವ ಕಾಲು ಹಿಡಿದು ಎಳೆಯಿತು ಅಂತ ಭದ್ರಾವತಿಯಲ್ಲಿ ಹೇಳುತ್ತಾರೆ. ಸುಳ್ಳು. ಹೇಳುವವರಲ್ಲಿ ಒಬ್ಬನೂ ಅಲ್ಲಿರಲಿಲ್ಲ, ನಾನಿದ್ದೆ. ಯಾರೂ ಯಾರನ್ನೂ ಎಳೆಯಲಿಲ್ಲ. ನಡೆದದ್ದು ಅದಕ್ಕಿಂತ ಕೆಟ್ಟದ್ದು.

ನಾನಾಗ ಅಲ್ಲಿನ ಗುಜರಿ ಯಾರ್ಡೊಂದರಲ್ಲಿ ಗುಮಾಸ್ತ. ಮಹಾಯುದ್ಧದಲ್ಲಿ ನೌಕಾಪಡೆಯ ಹಡಗುಗಳಿಗೆ ಕರಾವಳಿಯುದ್ದಕ್ಕೂ ಎಣ್ಣೆ ಹೊತ್ತು, ಆಮೇಲೆ ಹತ್ತು ವರ್ಷ ಬಂದರಿನಲ್ಲಿ ತುಕ್ಕು ಹಿಡಿದ ಹಡಗೊಂದನ್ನು ಬೊಂಬಾಯಿಯಲ್ಲಿ ಒಡೆದಿದ್ದರು. ಅದರ ಕಬ್ಬಿಣ ರೈಲಿನಲ್ಲಿ ನಮ್ಮಲ್ಲಿಗೆ ಬಂತು. ಒಂದು ಎಣ್ಣೆ ಟ್ಯಾಂಕು ಮಾತ್ರ ಇಡಿಯಾಗಿಯೇ ಇತ್ತು, ಸಣ್ಣ ಕೋಣೆಯಷ್ಟು.

ಗ್ಯಾಸ್ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುತ್ತಿದ್ದ ನಮ್ಮ ಖಾಸಿಂ ಸಾಬರು ಹಿಂದೆ ಅದೇ ಹಡಗಿನಲ್ಲಿ ಖಲಾಸಿ. ಟ್ಯಾಂಕಿನ ಬಾಯಿಗೆ ತಾವೇ ಹಾಕಿದ್ದ ತೇಪೆ ನೋಡಿ ಗುರುತು ಹಿಡಿದರು. ಇದನ್ನು ತೊಳೆಯಲು ಇಳಿದ ಜೊತೆಗಾರ ಒಳಗೇ ಸತ್ತನಂತೆ. ಬಾಯಲ್ಲಿ ಕಾವಲಿದ್ದವರು ಇವರು. ಬಡಿದಾಗಲೆಲ್ಲ ಒಳಗಿಂದ ಉತ್ತರ ಬರುತ್ತಲೇ ಇತ್ತು ಅಂದರೂ ಯಾರೂ ನಂಬಲಿಲ್ಲವಂತೆ.

"ನಿದ್ದೆ ಹೊಡೆದವರೆಲ್ಲ ಹಾಗೇ ಹೇಳೋದು ಸಾಬ್ರೆ," ಅಂದೆ. ಕೂಲಿಯವರು ನಕ್ಕರು. ಸಾಬರು ನಗಲಿಲ್ಲ.

ಬೆಳಿಗ್ಗೆಯೊಳಗೆ ಅದನ್ನು ಕತ್ತರಿಸಬೇಕಿತ್ತು. ಒಳಗೆ ಎಣ್ಣೆ ಉಳಿದಿದ್ದರೆ ಬೆಂಕಿ ತಾಗಿಸುವಂತಿಲ್ಲ. ನೋಡಿ ಬರಲು ಸಾಬರೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡರು. ಒಂದು ಸುತ್ತಿಗೆ ತಾವಿಟ್ಟುಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟರು.

"ಮೂರು ಬಡಿ. ನಾನೂ ಮೂರು ಬಡೀತೀನಿ. ಬಡೀಲಿಲ್ಲ ಅಂದ್ರೆ ಹಗ್ಗ ಎಳಿ, ಮಾರಾಯ."

ಇಳಿದರು. ಕೊಳೆತ ಎಣ್ಣೆಯ ನಾತಕ್ಕೆ ಮುಖ ತಿರುಗಿಸಿ ಕೂತೆ. ಬಡಿದೆ... ಟಣ್, ಟಣ್, ಟಣ್. ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿದೆ. ಬಂತು. ಆರು ಸಲ ಹೀಗೇ ಆಯಿತು.

ಏಳನೇ ಸಲ ನಾನು ಸುತ್ತಿಗೆ ಎತ್ತುವ ಮೊದಲೇ ಉತ್ತರ ಬಂತು...

ಬಗ್ಗಿ ಬ್ಯಾಟರಿ ಹಾಕಿದೆ. ಸಾಬರು ಏಣಿಯ ಬುಡದಲ್ಲೇ ಬೋರಲಾಗಿ ಬಿದ್ದಿದ್ದರು. ಇಳಿದ ಮೇಲೆ ಎರಡು ಹೆಜ್ಜೆಯನ್ನೂ ಇಟ್ಟಂತಿರಲಿಲ್ಲ. ಎರಡೂ ಅಂಗೈ ಬೆಳಕಿನಲ್ಲಿ ಖಾಲಿ ಕಾಣುತ್ತಿದ್ದವು, ಅಲ್ಲಾಡದೆ. ನಾನು ನೋಡುತ್ತಿರುವಾಗಲೇ, ಆಚೆ ಮೂಲೆಯ ಕತ್ತಲಿನಿಂದ, ಸಮಾಧಾನವಾಗಿ...

ಟಣ್. ಟಣ್. ಟಣ್.

ಕಿರುಚಿದೆ. ಕೂಲಿಯವರು ಓಡಿ ಬಂದು ಹಗ್ಗ ಎಳೆದರು.

ಕೆಟ್ಟ ಗಾಳಿಗೆ ಮನುಷ್ಯ ಬೀಳುತ್ತಾನೆ, ಒಪ್ಪಿದೆ. ಕಬ್ಬಿಣ ತಣಿಯುವಾಗ ಸದ್ದು ಮಾಡುತ್ತದೆ, ಅದನ್ನೂ ಒಪ್ಪಿದೆ. ಆದರೆ ಎಣಿಸಿ ಮೂರೇ ಸಲ? ಸಾಬರೇ ಬಡಿಯುತ್ತಿದ್ದಾರೆ ಅಂತ ನಂಬಿ ನಾನು ಹಗ್ಗಕ್ಕೆ ಕೈ ಹಾಕದಂತೆ?

ಸಾಬರು ಬದುಕಿದರು. ಬಲಗೈ ಮಾತ್ರ ಈಗಲೂ ಮೇಲೇಳುವುದಿಲ್ಲ. ಮೂರನೇ ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೊದಲು ನನ್ನ ಮುಖವನ್ನೇ ನೋಡಿದರು, ಬಹಳ ಹೊತ್ತು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನಿತ್ತೋ ನನಗೆ ಇನ್ನೂ ಗೊತ್ತಾಗಿಲ್ಲ. ನಾನು ಕೇಳಿದೆ:

"ಸಾಬ್ರೆ, ಅದು ಉತ್ತರ ಕೊಡುತ್ತೆ ಅಂತ ನಿಮಗೆ ಗೊತ್ತಿತ್ತಲ್ಲ... ಮತ್ತೆ ಯಾಕೆ ಇಳಿದ್ರಿ? ನಿದ್ದೆ ಹೊಡೆದ್ರಿ ಅಂತ ನಾನಂದದ್ದಕ್ಕಾ?"